ಹಗೇವಿಗೆ ಇಳಿಯದ ದೀಪ

೧೯೭೮ ಏಪ್ರಿಲ್ ೨೦, ಗುರುವಾರ

ಇವತ್ತು ಪೊಲೀಸಿನವರು ಬೂಟುಗಾಲಲ್ಲೇ ನಮ್ಮ ಜಗಲಿ ಹತ್ತಿದರು. ಅತ್ತೆಯವರ ಕಾಲದಲ್ಲಿ ಅಮಲ್ದಾರರು ಬಂದರೂ ಮೆಟ್ಟು ಕೆಳಗೆ ಬಿಟ್ಟೇ ಮೇಲೆ ಬರುತ್ತಿದ್ದರು. ಅಜ್ಜಂಪುರ ಠಾಣೆಯ ಹೊಸ ಸಬ್ ಇನ್ಸ್‌ಪೆಕ್ಟರ್ ನಮ್ಮ ಕಡೆಯವನಲ್ಲ. ಹಗೇವು ಎಂದರೇನು ಎಂದು ನನ್ನನ್ನೇ ಕೇಳಿದ.

"ಅಂಗಡೀಲಿ ಅಕ್ಕಿ ತಂದು ಉಣ್ಣೋರಿಗೆ ಎಲ್ಲಿ ಗೊತ್ತಾಗುತ್ತೆ ಬಿಡಿ" ಎಂದೆ. ಆಮೇಲೆ ಹೇಳಿದೆ. ನೆಲದೊಳಗೆ ಬಾವಿಯಂತೆ ತೋಡಿ, ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತುತ್ತೇವೆ. ವರ್ಷಗಟ್ಟಲೆ ಇಟ್ಟರೂ ಹುಳ ಬೀಳುವುದಿಲ್ಲ, ಏಕೆಂದರೆ ಹುಳವೂ ಬದುಕದಂಥ ಗಾಳಿ ಅದರೊಳಗೆ ಇರುತ್ತದೆ. ಅದಕ್ಕೇ ಬಾಯಿ ತೆಗೆದ ಮೇಲೆ ಒಂದು ದಿನ ಹಾಗೇ ಬಿಡಬೇಕು. ಕಂಬಳಿ ಬೀಸಿ ಗಾಳಿ ಆಡಿಸಬೇಕು. ಲಾಂದ್ರ ಹೊತ್ತಿಸಿ ಹಗ್ಗದಲ್ಲಿ ಇಳಿಬಿಡಬೇಕು. ದೀಪ ಆರಿದರೆ ಯಾರೂ ಇಳಿಯಕೂಡದು.

"ಹಾಗಾದ್ರೆ ನಿನ್ನೆ ದೀಪ ಇಳಿಸಿದ್ರಾ?" ಎಂದ.

ನಾನು ಪೂಜೆಯಲ್ಲಿದ್ದೆ ಎಂದೆ. ಸುಳ್ಳಲ್ಲ. ಲಿಂಗಪೂಜೆಗೆ ಕೂತರೆ ನಾನು ಮಾತಾಡುವುದಿಲ್ಲ, ಈ ಮನೆಯಲ್ಲಿ ಯಾರೂ ನನ್ನನ್ನು ಮಾತಾಡಿಸುವುದೂ ಇಲ್ಲ. ಎದ್ದು ಬರುವಷ್ಟರಲ್ಲಿ ಕಣದ ಕಡೆ ಕೂಗಾಟ. ದೊಡ್ಡ ಹಗೇವಿಗೆ ಮೊದಲು ಇಳಿದ ಆಳು ಓಬಳ ಏಳಲಿಲ್ಲ. ಅವನನ್ನು ಎತ್ತಲು ಇಳಿದ ಅವನ ತಮ್ಮ ಮಂಜನೂ ಏಳಲಿಲ್ಲ. ಕಡೂರಿಗೆ ರಾಗಿ ಒಯ್ಯಲು ಬಂದಿದ್ದ ಲಾರಿ ಖಾಲಿಯೇ ತಿರುಗಿ ಹೋಯಿತು.

ಕಣದಲ್ಲಿ ನಿಂತು ಅವರನ್ನು ಇಳಿಸಿದವನು ಎಂದು ಷಣ್ಮುಖನನ್ನು ಠಾಣೆಗೆ ಕರೆದುಕೊಂಡು ಹೋದರು. ನನ್ನ ಮಗ, ನಡುಬೀದಿಯಲ್ಲಿ, ಇಬ್ಬರು ಪೇದೆಗಳ ನಡುವೆ! ಊರಿಗೆ ಊರೇ ಬಾಗಿಲಿಗೆ ಬಂದು ನೋಡಿತು. ದೂರು ಕೊಟ್ಟವಳು ಸತ್ತ ಓಬಳನ ಹೆಂಡತಿ ಹಾಲಮ್ಮ. ಮದುವೆಯಾಗಿ ಬಂದಾಗಿನಿಂದ ನಮ್ಮ ಮನೆಯ ಉಪ್ಪು ತಿಂದವಳು. ಮೊದಲು ನನ್ನ ಹತ್ತಿರ ಬಂದು ಅಳಬಾರದಿತ್ತೇ? ನೇರ ಠಾಣೆಯ ಮೆಟ್ಟಿಲು ಹತ್ತಿದಳು.

ಏಪ್ರಿಲ್ ೨೩, ಭಾನುವಾರ

ತಮ್ಮ ಪಂಚಾಕ್ಷರಿ ತರೀಕೆರೆಯಿಂದ ಬಂದು ಜಾಮೀನಿನ ಮೇಲೆ ಷಣ್ಮುಖನನ್ನು ಬಿಡಿಸಿ ತಂದ. ಅವನು ಲಾ ಓದಿದ್ದಕ್ಕೆ ಇಷ್ಟಾದರೂ ಪ್ರಯೋಜನವಾಯಿತು.

ನಿನ್ನೆ ಆಳುಗಳ ಹಟ್ಟಿಗೆ, ಹಾಲಮ್ಮನ ಮನೆಗೆ, ಒಂದು ಮೂಟೆ ರಾಗಿ ಕಳಿಸಿದ್ದೆ. ತಿಥಿಗೆ ಬೇಕಾಗುತ್ತದೆ, ಅವಳು ಬಂದು ಕೇಳುವವರೆಗೆ ಕಾಯುವುದು ಬೇಡ ಎಂದು. ಗಾಡಿ ಮೂಟೆಯ ಸಮೇತ ವಾಪಸು ಬಂತು.

"ಏನಂದ್ಲು?" ಎಂದು ಗಾಡಿ ಹೊಡೆಯುವ ತಿಮ್ಮರಾಯಪ್ಪನನ್ನು ಕೇಳಿದೆ.

"ಏನೂ ಅನ್ಲಿಲ್ಲ ಅಮ್ಮಾರೆ. ಇದು ಯಾವ ಹಗೇವಿಂದು ಅಂದ್ಲು, ಅಷ್ಟೆ."

"ಮನೆ ಕಣಜದ್ದು ಅನ್ನಬಾರದಿತ್ತೇನೋ?"

"ಅಂದೆ. ಅವ್ಳು ಒಳೀಕ್ ಹೋದ್ಲು. ನಾ ಎತ್ತು ತಿರುಗಿಸ್ಕಂಡ್ ಬಂದ್ಬಿಟ್ಟೆ."

ಎಷ್ಟು ಕೊಬ್ಬು! ಅಂದು ಪುಟ್ಟಿ ಹೊರಲು ಅವಳೂ ಕಣಕ್ಕೆ ಬಂದಿದ್ದಳಂತೆ. ದೂರಿನಲ್ಲಿ ಏನು ಬರೆಸಿದ್ದಾಳೆಂದು ಪಂಚಾಕ್ಷರಿ ಓದಿ ಹೇಳಿದ. 'ಅಮ್ಮಾರು ದೀಪ ಕೊಡ್ಲಿಲ್ವಾ ಬುದ್ಧಿ' ಎಂದು ಅವಳ ಗಂಡ ಕೇಳಿದನಂತೆ. 'ಇಳಿಯೋ ಸುಮ್ನೆ, ಲಾರಿ ಕಾಯ್ತೈತೆ' ಎಂದು ಷಣ್ಮುಖ ಗದರಿದನಂತೆ. ಸುಳ್ಳು. ನಾನು ಸಾಕಿದ ಮಗನ ಬಾಯಲ್ಲಿ ಅಂಥ ಮಾತು ಬರುವುದಿಲ್ಲ. ಅವನನ್ನು ಕೇಳಿದೆ. ಮುಖ ತೊಳೆಯಲು ಬಚ್ಚಲಿಗೆ ಹೋದ.

ಮೇ ೧೪, ಭಾನುವಾರ

ಊಟವಾದ ಮೇಲೆ ಪಂಚಾಕ್ಷರಿ ಎಲೆ ಅಡಿಕೆ ತಟ್ಟೆ ಮುಂದಿಟ್ಟುಕೊಂಡು ಕಾನೂನು ಬಿಡಿಸಿ ಹೇಳಿದ. ಮುನ್ನೂರ ನಾಲ್ಕು ಎ ಅಂತೆ. ಕೊಲ್ಲಬೇಕೆಂಬ ಮನಸ್ಸಿಲ್ಲದಿದ್ದರೂ, ತೆಗೆದುಕೊಳ್ಳಬೇಕಾದ ಎಚ್ಚರ ತೆಗೆದುಕೊಳ್ಳದೆ ಜೀವ ಹೋದರೆ ಆ ಕಲಮಿನ ಕೆಳಗೆ ಸಜೆ.

"ಮನಸ್ಸೇ ಇಲ್ಲ ಅಂದ್ಮೇಲೆ ಅಪರಾಧ ಎಲ್ಲಿಂದ ಬಂತೋ?" ಎಂದೆ.

"ಅದೇ ಅಕ್ಕ ಈ ಕಲಮಿನ ಗುಟ್ಟು. ಮನಸ್ಸು ಇರ್ಲಿಲ್ಲ ಅನ್ನೋದೇ ಅಪರಾಧ. ಅಪಾಯ ಇದೆ ಅಂತ ಗೊತ್ತಿದ್ದೂ ಗಮನ ಕೊಡ್ಲಿಲ್ಲ ಅಂತ."

"ಅಂಥ ಕಾನೂನು ಮಾಡ್ದೋನಿಗೆ ಮನೆ ಮಠ ಇರ್ಲಿಲ್ವೇನೋ."

ನಕ್ಕ. ಆಮೇಲೆ ದನಿ ತಗ್ಗಿಸಿ ದಾರಿ ತೋರಿಸಿದ. ಓಬಳ ಅವತ್ತು ಕುಡಿದಿದ್ದ, ಬೇಡವೆಂದರೂ ಕೇಳದೆ ತಾನೇ ಧುಮುಕಿದ ಎಂದು ನಾಲ್ಕು ಜನರ ಬಾಯಲ್ಲಿ ಹೇಳಿಸಿದರೆ ಕೇಸು ಬಿದ್ದುಹೋಗುತ್ತದಂತೆ.

ನನಗೆ ಮೈಯೆಲ್ಲ ಉರಿಯಿತು. ಎಲೆ ಅಡಿಕೆ ತಟ್ಟೆ ಎತ್ತಿಕೊಂಡುಬಿಟ್ಟೆ. ಓಬಳ ನಮ್ಮ ಹಗೇವಿಗೆ ಇಳಿಯುತ್ತಿದ್ದದ್ದು ಇವನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ. ಹಗೇವು ತೆಗೆಯುವ ದಿನ ನೀರು ಮೈಗೆ ಹಾಕಿಕೊಂಡು, ಹಣೆಗೆ ವಿಭೂತಿ ಹಚ್ಚಿ, ಬರಿಹೊಟ್ಟೆಯಲ್ಲಿ ಬರುತ್ತಿದ್ದ. ಮೊದಲು ಇಳಿದವನು ಒಂದು ಹಿಡಿ ರಾಗಿ ಮುಷ್ಟಿಯಲ್ಲಿ ಹಿಡಿದು ಮೇಲೆ ಬಂದು ಮನೆಯ ಯಜಮಾನಿತಿಯ ಸೆರಗಿಗೆ ಹಾಕಬೇಕು, ಅವಳು ಮೂಸಿ ನೋಡಿ 'ಸರಿ' ಅನ್ನಬೇಕು. ಅದು ಪದ್ಧತಿ. ಪ್ರತಿ ಸಲವೂ ನನ್ನ ಸೆರಗಿಗೆ ಹಾಕಿದವನು ಅವನೇ. ಒಂದು ದಿನವೂ ಅವನ ಬಾಯಿ ವಾಸನೆ ಬರಲಿಲ್ಲ.

"ನಮ್ಮ ಹಗೇವಿಗೆ ಕುಡುಕರನ್ನ ಇಳಿಸ್ತಾರೆ ಅಂತ ನಾನೇ ಕೋರ್ಟಲ್ಲಿ ಹೇಳ್ಬೇಕೇನೋ? ನಾಚಿಕೆ ಆಗಲ್ವಾ ನಿಂಗೆ?"

"ನಿನ್ ಮಗನ್ ಸಲುವಾಗಿ ಅಕ್ಕ."

"ಬೇರೆ ದಾರಿ ಹುಡುಕು."

ಜೂನ್ ೧೨, ಸೋಮವಾರ

ಮಳೆ ಹದವಾಗಿದೆ. ಹಟ್ಟಿಯಿಂದ ಒಬ್ಬರೂ ಕೆಲಸಕ್ಕೆ ಬರಲಿಲ್ಲ. ಬುಕ್ಕಾಂಬುಧಿಯಿಂದ ಆಳು ತರಿಸಬೇಕಾಯಿತು. ಅವರಿಗೆ ನಮ್ಮ ಹೊಲದ ಅಂಚೂ ಗೊತ್ತಿಲ್ಲ. ಮೂಡಲ ಹೊಲದ ಬದು ಮಂಜನಿಗೆ ಕಣ್ಣು ಕಟ್ಟಿದರೂ ಗೊತ್ತಿತ್ತು. ಅಣ್ಣನ ಹಿಂದೆ ಇಳಿದ ದಡ್ಡ. ದೀಪ ಇಳಿಸದ ಹಗೇವಿಗೆ ಇಳಿಯಬಾರದೆಂದು ಅವನಿಗೂ ಗೊತ್ತಿರಲಿಲ್ಲವೇ? ಅಣ್ಣ ಬಿದ್ದಿದ್ದಾನೆ ಎಂದರೆ ಆಯಿತು, ಹಿಂದೆ ಮುಂದೆ ನೋಡದೆ ಇಳಿದುಬಿಡುವುದೇ? ಎಲ್ಲರ ಮೇಲೂ ಸಿಟ್ಟು ಬರುತ್ತಿದೆ.

ಆಗಸ್ಟ್ ೨೯, ಮಂಗಳವಾರ

ಇವತ್ತು ಸೊಸೆ ಬಾಯಿ ಬಿಟ್ಟಳು. ಬಿಡದೇ ಇದ್ದರೆ ಚೆನ್ನಾಗಿತ್ತು.

ಸಿಂಗಟಗೆರೆಯ ಬೀಗರು ಬಂದು ಹೋದ ಮೇಲೆ ಅಡಿಗೆಮನೆಯಲ್ಲಿ ಹಾಲಮ್ಮನ ಸುಳ್ಳನ್ನು ಬೈಯುತ್ತಿದ್ದೆ. ವಿಮಲ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಅತ್ತೆ, ಅವ್ಳು ಸುಳ್ಳು ಹೇಳಿಲ್ಲ."

"ಏನಂದೆ?"

"ನಾ ಕಣದ ಬಾಗ್ಲಲ್ಲೇ ಇದ್ದೆ. ಆಳುಗಳಿಗೆ ಅಂಬಲಿ ತಗಂಡ್ ಹೋಗಿದ್ದೆ. ಓಬಳಪ್ಪ ದೀಪ ಕೇಳ್ದ. ಒಂದ್ಸಲ ಅಲ್ಲ. ಚಪ್ಪಡಿ ಸರಿಸಿ ಹೆಚ್ಚು ಹೊತ್ತಾಗಿರ್ಲಿಲ್ಲ, ಒಳಗಿಂದ ಇನ್ನೂ ಬಿಸಿ ಹೊಡೀತಿತ್ತು. 'ಅಮ್ಮಾರು ಪೂಜೆಯಿಂದ ಏಳ್ಲಿ ಬುದ್ಧಿ, ಏನ್ ಓಡೋಗುತ್ತೆ' ಅಂದ. ಇವ್ರು 'ನಿಮ್ಮಮ್ಮಾರು ಎದ್ದೇಳೋ ಹೊತ್ಗೆ ಲಾರಿ ಕಡೂರು ಸೇರಿರುತ್ತೆ, ಜೀವದ್ ಮೇಲೆ ಅಷ್ಟು ಆಸೆ ಇದ್ರೆ ಮನೇಲಿ ಕುಂತ್ಕೊ ಹೋಗು' ಅಂದ್ರು. ಎಲ್ರೂ ನಕ್ರು. ಅವ್ನೂ ನಕ್ಕ. ನಕ್ಕೊಂಡೇ ಇಳ್ದ ಅತ್ತೆ."

ಇಷ್ಟು ದಿನ ಏಕೆ ಹೇಳಲಿಲ್ಲ ಎಂದೆ. "ನೀವ್ ಕೇಳಿದ್ರಾ?" ಎಂದಳು. ಈ ಮನೆಯಲ್ಲಿ ಸೊಸೆ ಅತ್ತೆಗೆ ಹಾಗೆ ಉತ್ತರ ಕೊಟ್ಟದ್ದು ಇದೇ ಮೊದಲು. ಕೆನ್ನೆಗೆ ಹೊಡೆಯಬೇಕೆಂದು ಎತ್ತಿದ ಕೈ ಏಕೋ ಹಾಗೇ ಇಳಿಯಿತು. ರೊಟ್ಟಿ ಸೀದುಹೋಯಿತು.

ಷಣ್ಮುಖ ಸಂಜೆ ಬಂದ. ನಾನು ಕೇಳಿದೆ. ಈ ಸಲ ಬಚ್ಚಲಿಗೆ ಹೋಗಲು ಬಿಡಲಿಲ್ಲ, ಬಾಗಿಲಿಗೆ ಅಡ್ಡ ನಿಂತೆ.

"ಹೌದು ಅಂದೆ. ಏನೀಗ?" ಎಂದು ಕಿರುಚಿದ. "ಲಾಂದ್ರ ಎಲ್ಲಿತ್ತು? ನಿನ್ ಪೂಜೆಕೋಣೇಲಿ, ನಿನ್ ತಲೆ ಮೇಲಿನ್ ಮೊಳೇಲಿ! ನೀ ಕೂತ್ರೆ ಮನೇಲಿ ಯಾರೂ ಕೆಮ್ಮೋ ಹಂಗಿಲ್ಲ. ಲಾಂದ್ರಕ್ಕೆ ಕೈ ಹಾಕಿದ್ರೆ ಕೈ ಮುರೀತೀನಿ ಅಂದಿದ್ಯಾರು?"

ನಾನೇ ಅಂದದ್ದು. ಹಗೇವಿನ ಲಾಂದ್ರವನ್ನು ಯಜಮಾನಿತಿಯೇ ಹೊತ್ತಿಸಿ ಕೈಯಾರೆ ಕೊಡಬೇಕು. ಅದನ್ನು ನನ್ನ ಅತ್ತೆ ಈಶ್ವರಮ್ಮನವರು ನನಗೆ ಕೊಟ್ಟು ಹೋದರು. ಸಿಕ್ಕಸಿಕ್ಕವರು ದನದ ಕೊಟ್ಟಿಗೆಗೆ ಒಯ್ದು ಬತ್ತಿ ಕೆಡಿಸಲಿ ಎಂದಲ್ಲ. ತಾನು ಮಾಡಿದ್ದನ್ನು ಹೆತ್ತವಳ ತಲೆಗೆ ಕಟ್ಟುವ ಮಗ! ಹತ್ತಿರ ಇದ್ದಿದ್ದರೆ ಆ ಲಾಂದ್ರವನ್ನೇ ಎತ್ತಿ ಅವನ ಮೇಲೆ ಎಸೆಯುತ್ತಿದ್ದೆ.

ನವೆಂಬರ್ ೮, ಬುಧವಾರ

ತರೀಕೆರೆ ಕೋರ್ಟಿಗೆ ಹೋಗಿದ್ದೆವು. ವಾಯಿದೆ ಮುಂದಕ್ಕೆ ಹೋಯಿತು. ಇಡೀ ದಿನ ಹಾಳು.

ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದೆ. ಷಣ್ಮುಖ ಬೀಡಿ ಅಂಗಡಿಯ ಕಡೆ ಹೋಗಿದ್ದ. ಹಾಲಮ್ಮ ಅದೇ ಅಜ್ಜಂಪುರದ ಬಸ್ಸಿಗೆ ಬಂದವಳು ದೂರದಲ್ಲಿ ನಿಂತಿದ್ದಳು. ನಾನು ಮುಖ ತಿರುಗಿಸಿದೆ. ಅವಳೇ ಹತ್ತಿರ ಬಂದಳು.

"ಅಮ್ಮಾರೆ, ನಿಮ್ಗೊಂದ್ ಮಾತು ಹೇಳ್ಬೇಕಿತ್ತು."

"ಹೇಳೋದೆಲ್ಲ ಪೊಲೀಸ್ನೋರಿಗೆ ಹೇಳಿ ಆಯ್ತಲ್ಲ."

"ಇದ್ ಅವ್ರಿಗೆ ಹೇಳಿಲ್ಲ. ಅವ್ರಿಗ್ಯಾಕೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. "ನಮ್ಮೋನಿಗೆ ಮೈ ತೊಳೆಯುವಾಗ ಬಲಗೈ ಮುಷ್ಟಿ ಬಿಡ್ಲೇ ಇಲ್ಲ. ನಮ್ ಮಾವ ಬಿಸ್ನೀರ್ ಹಾಕಿ ಒಂದೊಂದ್ ಬೆಳ್ಳು ಬಿಡಿಸ್ದ. ರಾಗಿ ಇತ್ತು. ನಿಮ್ಗೇ ಅಂತ ಹಿಡ್ಕಂಡಿದ್ದ."

ಬಿದ್ದವನು ಕೈಗೆ ಸಿಕ್ಕಿದ್ದನ್ನು ಹಿಡಿದುಕೊಳ್ಳುತ್ತಾನೆ ಎಂದೆ. ನನ್ನ ಬಾಯಿಂದ ಬಂದದ್ದು ಅದು. ಅವಳು ತಲೆಯಾಡಿಸಿದಳು. "ಇರ್ಬೋದು ಅಮ್ಮಾರೆ" ಎಂದಳು. ಬಸ್ಸು ಬಂತು. ಅವಳು ಹಿಂದಿನ ಬಾಗಿಲಲ್ಲಿ ಹತ್ತಿದಳು, ನಾನು ಮುಂದಿನದರಲ್ಲಿ.

ನನಗೆ ಏಕೆ ಹೇಳಬೇಕಿತ್ತು? ನಾನೇನು ಮಾಡಲಿ ಎಂದು?

ನವೆಂಬರ್ ೯

ಪೂಜೆಯ ನಡುವೆ ಮಂತ್ರ ಮರೆತೆ. ಹೀಗೆಂದೂ ಆಗಿರಲಿಲ್ಲ.

೧೯೭೯ ಫೆಬ್ರವರಿ ೪, ಭಾನುವಾರ

ಪಂಚಾಕ್ಷರಿ ಕಡೆಗೂ ಬೇರೆ ದಾರಿ ಹುಡುಕಿಕೊಂಡು ಬಂದ. ಹಾಲಮ್ಮ, ಹಟ್ಟಿಯ ಇನ್ನಿಬ್ಬರು ಹೇಳಿಕೆ ಕೊಟ್ಟಾಗಿದೆ. ಈಗ ನಮ್ಮ ಕಡೆಯ ಸಾಕ್ಷಿ. ಅದಕ್ಕೆ ನಾನು ಬೇಕಂತೆ.

"ಅಕ್ಕ, ಹಗೇವಿನ ದೀಪ ನಿನ್ ಕೈಯಿಂದ್ಲೇ ಬರೋದು ಅಂತ ಸುತ್ತ ಹತ್ತೂರಿಗೂ ಗೊತ್ತು. ನೀನು 'ದೀಪ ಹಚ್ಚಿ ಕೊಟ್ಟೆ, ಇಳಿಸಿದ್ರು, ಚೆನ್ನಾಗೇ ಉರೀತು, ಆಮೇಲೆ ಪೂಜೆಗೆ ಕೂತೆ' ಅಂದ್ರೆ ಸಾಕು. ತೆಗೆದುಕೊಳ್ಳಬೇಕಾದ ಎಚ್ಚರ ತಗೊಂಡ್ರು ಅಂತ ಆಯ್ತು. ಆಮೇಲೆ ಆದದ್ದು ಶಿವನ ಇಚ್ಛೆ. ನಿನ್ ಮಾತನ್ನ ಮ್ಯಾಜಿಸ್ಟ್ರೇಟು ತಳ್ಳಿಹಾಕಲ್ಲ."

"ದೀಪ ಉರೀತು, ಆದ್ರೂ ಇಬ್ರು ಸತ್ರು. ಹಾಗೇನೋ?"

"ಹಾಗೇ."

ಷಣ್ಮುಖ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಈ ವರ್ಷದಲ್ಲಿ ಅವನ ಕುತ್ತಿಗೆ ಸಣ್ಣಗಾಗಿದೆ. "ಅಮ್ಮ" ಎಂದ, ಅಷ್ಟೇ. ಚಿಕ್ಕಂದಿನಲ್ಲಿ ಜ್ವರ ಬಂದಾಗ ಹಾಗೆ ಕರೆಯುತ್ತಿದ್ದ.

ಕೋರ್ಟಿಗೆ ಬರುತ್ತೇನೆ ಎಂದೆ. ಏನು ಹೇಳುತ್ತೀಯೆ ಎಂದು ಅವನೂ ಕೇಳಲಿಲ್ಲ, ಪಂಚಾಕ್ಷರಿಯೂ ಕೇಳಲಿಲ್ಲ. ಹೆತ್ತವಳನ್ನು ಹಾಗೆಲ್ಲ ಕೇಳುವುದುಂಟೇ?

ಸಂಜೆ ಲಾಂದ್ರ ಇಳಿಸಿ ನೋಡಿದೆ. ವರ್ಷದಿಂದ ಹೊತ್ತಿಸಿಲ್ಲ. ಗಾಜಿನ ಮೇಲೆ ಧೂಳು. ಈ ದೀಪ ಅತ್ತೆಯವರ ಕೈಯಲ್ಲಿ, ನನ್ನ ಕೈಯಲ್ಲಿ, ಎಷ್ಟೋ ಸಲ ಕೆಳಗಿಳಿದಿದೆ. ಆರಬೇಕಾದಾಗ ಆರಿದೆ, ಉರಿಯಬೇಕಾದಾಗ ಉರಿದಿದೆ. ಅದನ್ನು ನಂಬಿ ಇಳಿದ ಒಬ್ಬನೂ ಹೆಣವಾಗಿ ಬಂದಿಲ್ಲ. ಈಗ ಆ ದೀಪ ಸುಳ್ಳು ಹೇಳಿತೆಂದು ನಾನು ಹೇಳಬೇಕಂತೆ. ಇವರಿಗೆ ಕೇಳಲು ಬಾಯಾದರೂ ಹೇಗೆ ಬಂತು!

ಫೆಬ್ರವರಿ ೧೪, ಬುಧವಾರ

ಪೆಟ್ಟಿಗೆಯೊಳಗೆ ನಿಲ್ಲಿಸಿದರು. ಪ್ರಮಾಣ ಮಾಡಿಸಿದರು. ಪಂಚಾಕ್ಷರಿ ಕರಿಕೋಟು ಹಾಕಿಕೊಂಡು, ಅಕ್ಕ ಎನ್ನದೆ "ದಾಕ್ಷಾಯಣಮ್ಮನವರೇ" ಎಂದ. ನಗು ಬರಬೇಕಿತ್ತು, ಬರಲಿಲ್ಲ.

"ಅಂದು ಬೆಳಿಗ್ಗೆ ಹಗೇವಿಗೆ ದೀಪ ಇಳಿಸಿದ್ದರೇ?"

"ಇಲ್ಲ" ಎಂದೆ.

ಅವನಿಗೆ ಕೇಳಿಸಲಿಲ್ಲ ಅನಿಸಿತು. ಮತ್ತೊಮ್ಮೆ ಕೇಳಿದ. ದನಿ ಏರಿಸಿ ಹೇಳಿದೆ. "ಇಲ್ಲ. ನನ್ನ ಲಾಂದ್ರ ಮೊಳೆಯಲ್ಲೇ ಇತ್ತು. ಇಳಿಸಿದ್ದರೆ ಆರುತ್ತಿತ್ತು. ಆರಿದ್ದರೆ ಓಬಳಪ್ಪ ಇಳಿಯುತ್ತಿರಲಿಲ್ಲ, ಅವನನ್ನು ಎತ್ತಲು ಮಂಜಪ್ಪನೂ ಇಳಿಯುತ್ತಿರಲಿಲ್ಲ. ನಮ್ಮ ಮನೆಯ ದೀಪ ಇಳಿದ ಹಗೇವಿನಲ್ಲಿ ಯಾರೂ ಸತ್ತಿಲ್ಲ. ಇದನ್ನು ಸರಿಯಾಗಿ ಬರೆದುಕೊಳ್ಳಿ."

ಪಂಚಾಕ್ಷರಿ ಕುಳಿತುಬಿಟ್ಟ. ಷಣ್ಮುಖನ ಕಡೆ ನಾನು ನೋಡಲಿಲ್ಲ.

ಆಮೇಲೆ ಸರ್ಕಾರದ ಕಡೆಯ ವಕೀಲ ಎದ್ದ. ಎಳೆಯ ಹುಡುಗ, ಮಾತು ನಯ.

"ತಾವು ಪೂಜೆಯಲ್ಲಿದ್ದಾಗ ಬೇರೆಯವರು ಆ ಲಾಂದ್ರ ತೆಗೆದುಕೊಳ್ಳಬಹುದಿತ್ತೇ ತಾಯಿ?"

"ಇಲ್ಲ."

"ಯಾಕೆ?"

"ಅದು ನಮ್ಮ ಮನೆಯ ಪದ್ಧತಿ."

"ತಮ್ಮ ಮಗ ತಮ್ಮನ್ನು ಕರೆದಿದ್ದರೆ ಪೂಜೆ ಬಿಟ್ಟು ಏಳುತ್ತಿದ್ದಿರಾ?"

ಸೆರಗು ಸರಿಮಾಡಿಕೊಂಡೆ. ಸಂಬಂಧವಿಲ್ಲದ ಪ್ರಶ್ನೆ. ಮ್ಯಾಜಿಸ್ಟ್ರೇಟರು ಕಾದರು. ಕಡೆಗೆ, ಇಳಿಯಬಹುದು ಎಂದರು. ತಲೆಹರಟೆ ಹುಡುಗ. ಅವನ ಆ ನಯವಾದ ಮುಖ ನೆನೆದರೆ ಈಗಲೂ ಸಿಟ್ಟು ಬರುತ್ತದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾಗಿದ್ದ ಉತ್ತರ ಹುಡುಕಿದೆ. ಸಿಗಲಿಲ್ಲ.

ಮಾರ್ಚ್ ೩೦, ಶುಕ್ರವಾರ

ಆರು ತಿಂಗಳು ಸಜೆ. ವಿಮಲ ಕೋರ್ಟಿನ ಮೆಟ್ಟಿಲ ಮೇಲೇ ಕುಸಿದಳು. ಎತ್ತಿ ಕೂರಿಸಿದೆ. ನನ್ನ ಕೈ ತಳ್ಳಲಿಲ್ಲ, ಹಿಡಿಯಲೂ ಇಲ್ಲ.

ಅಪೀಲು ಹಾಕೋಣ ಎಂದ ಪಂಚಾಕ್ಷರಿ. ಷಣ್ಮುಖ "ಬೇಡ ಮಾವ, ಇನ್ನೊಂದ್ಸಲ ಅಮ್ಮನ್ನ ಆ ಪೆಟ್ಟಿಗೇಲಿ ನಿಲ್ಸಿ ನೋಡೋಕೆ ನಂಗಾಗಲ್ಲ" ಎಂದ. ನನ್ನನ್ನು ಮಾತಾಡಿಸಲಿಲ್ಲ. ವ್ಯಾನು ಹತ್ತಿದ.

ಊರಿನವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಾರೆ. ಮಗನನ್ನು ಜೈಲಿಗೆ ಕಳಿಸಿದ ತಾಯಿ. ಆಡಿಕೊಳ್ಳಲಿ. ಅವರ ಮನೆಯ ದೀಪ ಹೇಗೆ ಉರಿಯುತ್ತದೋ ನನಗೇನು ಗೊತ್ತು.

೧೯೮೦ ಏಪ್ರಿಲ್ ೨೩, ಬುಧವಾರ

ಚಿಕ್ಕ ಹಗೇವಿನ ಬಾಯಿಯನ್ನು ನಿನ್ನೆ ಬೆಳಿಗ್ಗೆ ತೆಗೆಸಿದೆ. ದೊಡ್ಡದನ್ನು ಮಣ್ಣು ತುಂಬಿಸಿ ಮುಚ್ಚಿ ಆಗಿದೆ. ಹಟ್ಟಿಯಿಂದ ಇಳಿಯಲು ಒಬ್ಬರೂ ಬರುವುದಿಲ್ಲ ಎಂದರು. ಬುಕ್ಕಾಂಬುಧಿಯವರೂ ಕೇಳಿ ಹೆದರಿದ್ದಾರೆ.

"ನಾನೇ ಇಳೀತೀನಿ" ಎಂದ ಷಣ್ಮುಖ. ಜೈಲಿನಿಂದ ಬಂದ ಮೇಲೆ ಅವನು ನನಗೆ ನೇರವಾಗಿ ಹೇಳಿದ ಮಾತು ಅದೇ ಮೊದಲು.

ಇವತ್ತು ಬೆಳಿಗ್ಗೆ ನಾನು ಪೂಜೆಗೆ ಕೂತಾಗ ಬಾಗಿಲಲ್ಲಿ ಬಂದು ನಿಂತ. ಹೊರಗೆ ಲಾರಿಯವನು ಹಾರನ್ ಹೊಡೆದ. ಮತ್ತೆ ಹೊಡೆದ. ಇವನು ಅಲುಗಲಿಲ್ಲ. ನನ್ನ ಪೂಜೆ ಮುಗಿದಿತ್ತು. ಆದರೂ ಏಳಲಿಲ್ಲ. ನಿಲ್ಲಲಿ ಎಂದು ಕೂತೆ. ಓಬಳಪ್ಪ ನಿಂತು ಕೇಳಿದನಲ್ಲ, ಇವನೂ ನಿಲ್ಲಲಿ.

ಎದ್ದು ಲಾಂದ್ರ ಹೊತ್ತಿಸಿ ಕೈಗೆ ಕೊಟ್ಟೆ. ಎರಡು ಕೈಯಲ್ಲಿ ತೆಗೆದುಕೊಂಡ.

ಕಣದಲ್ಲಿ, ಹುಲ್ಲಿನ ಬಣವೆಯ ಪಕ್ಕ, ಹಾಲಮ್ಮ ನಿಂತಿದ್ದಳು. ಯಾರೂ ಕರೆದಿರಲಿಲ್ಲ. ಜಗಲಿ ಹತ್ತಿ ಕೂತುಕೋ, ಬಿಸಿಲು, ಎಂದೆ. ಕೂರಲಿಲ್ಲ. ಎಷ್ಟು ಹೇಳಿದರೂ ಕೂರಲಿಲ್ಲ. ಹಟಮಾರಿ ಹೆಂಗಸು.

ಮೊದಲ ಸಲ ಇಳಿಸಿದಾಗ ದೀಪ ಆರಿತು. ಕಂಬಳಿ ಬೀಸಿಸಿದೆ. ಲಾರಿಯವನು ಗೊಣಗಿದ. "ಅವಸರ ಇದ್ರೆ ಹೋಗಪ್ಪ" ಎಂದೆ. ಹೋಗಲಿಲ್ಲ. ಮಧ್ಯಾಹ್ನ ತಿರುಗಿದ ಮೇಲೆ ಮತ್ತೆ ಇಳಿಸಿದೆ.

"ಉರೀತೈತಾ ಅಮ್ಮಾರೆ?" ಎಂದು ಹಾಲಮ್ಮ ಅಲ್ಲಿಂದಲೇ ಕೇಳಿದಳು.

ಮಂಡಿಯೂರಿ ಬಗ್ಗಿ ನೋಡಿದೆ. "ಉರೀತೈತೆ ಕಣಮ್ಮ" ಎಂದೆ. ಆಮೇಲೇ ಷಣ್ಮುಖ ಹಗ್ಗ ಹಿಡಿದು ಇಳಿದ. ತಲೆ ಕತ್ತಲೊಳಗೆ ಹೋಯಿತು. ಅವನ ಹೆಸರು ಹಿಡಿದು ಕೂಗಿದೆ. ಓ ಎಂದ. ಮತ್ತೆ ಕೂಗಿದೆ. ಓ ಎಂದ. ವಿಮಲ ನನ್ನ ತೋಳು ಹಿಡಿದಿದ್ದಳು. ಉಗುರು ನಾಟಿತ್ತು.

ಮುಷ್ಟಿಯಲ್ಲಿ ರಾಗಿ ಹಿಡಿದು ಮೇಲೆ ಬಂದ. ಪದ್ಧತಿಯಂತೆ ನನ್ನ ಮುಂದೆ ಕೈ ಚಾಚಿದ. ನಾನು ಸೆರಗು ಒಡ್ಡಲಿಲ್ಲ. ಬಣವೆಯ ಕಡೆ ತೋರಿಸಿದೆ.

ಅವನು ನಡೆದು ಹೋಗಿ ಹಾಲಮ್ಮನ ಮುಂದೆ ನಿಂತ. ಅವಳೂ ಸೆರಗು ಒಡ್ಡಲಿಲ್ಲ. ಅವನ ಮುಷ್ಟಿಯನ್ನೇ ನೋಡುತ್ತಿದ್ದಳು.

"ಬಿಡ್ಸಿ ಬುದ್ಧಿ ಕೈನ" ಎಂದಳು.

ಬಿಡಿಸಿದ. ಬೆರಳುಗಳು ಸಲೀಸಾಗಿ ಬಿಚ್ಚಿಕೊಂಡವು. ಅದನ್ನು ನೋಡಿದಳು. ರಾಗಿ ಮುಟ್ಟಲಿಲ್ಲ. ತಿರುಗಿ ಹಟ್ಟಿಯ ದಾರಿ ಹಿಡಿದಳು. ಅವನ ಕೈಯಿಂದ ರಾಗಿ ನೆಲಕ್ಕೆ ಉದುರಿತು. ಷಣ್ಮುಖ ಆರಿಸಲು ಬಗ್ಗಿದ. ಬಿಡು ಎಂದೆ.

ಲಾಂದ್ರದ ಗಾಜು ಒರೆಸಿದೆ. ಪೂಜೆಕೋಣೆಯಲ್ಲಿ ಸೀಮೆಎಣ್ಣೆಯ ವಾಸನೆ ಸಹಿಸುವುದು ಇನ್ನು ನನ್ನಿಂದಾಗದು. ಜಗಲಿಯ ಕಂಬಕ್ಕೆ, ಎಲ್ಲರ ಕೈಗೂ ಎಟಕುವ ಹಾಗೆ, ಒಂದು ಮೊಳೆ ಹೊಡೆಸಿ ಅಲ್ಲಿಗೆ ಹಾಕಿಸಿದ್ದೇನೆ. ಬೆಂಕಿಪೊಟ್ಟಣವನ್ನೂ ಪಕ್ಕದಲ್ಲೇ ಇಡಿಸಿದೆ.